ರಂಗವಿಲ್ಲದ ರಂಗವಿಮರ್ಶೆ

ಇಂಗ್ಲಿಷ್ ಚಿತ್ರಕಾರ ವಿಲಿಯಂ ಹೊಗಾರ್ತ್‌ನ ‘ಮಾಸ್ಕರೇಡ್ಸ್ ಅಂಡ್ ಆಪೆರಾಸ್’ ರಂಗಭೂಮಿಯನ್ನು ಕುರಿತ ಚಿತ್ರ. ಆದರೆ ಅದರಲ್ಲಿ ರಂಗವೇ ಇಲ್ಲ. 1724ರ ಫೆಬ್ರವರಿಯಲ್ಲಿ ತಾಮ್ರದ ತಗಡಿನ ಮೇಲೆ ಕೊರೆದು ಅಚ್ಚುಹಾಕಿದ ಈ ವಿಡಂಬನೆ ನಮ್ಮನ್ನು ಲಂಡನ್ನಿನ ಬೀದಿಯಲ್ಲೇ ನಿಲ್ಲಿಸುತ್ತದೆ. ಎಡಗಡೆ ಒಬ್ಬ ವಿದೂಷಕ ಮತ್ತು ಒಂದು ದೆವ್ವ ಸೇರಿ ಜನರನ್ನು ಹೈಡೆಗ್ಗರ್ ನಡೆಸುತ್ತಿದ್ದ ಮುಖವಾಡದ ಕೂಟಕ್ಕೆ ಕರೆದೊಯ್ಯುತ್ತಿವೆ. ಮೇಲೆ ತೂಗುವ ಚಿತ್ರಪಟದಲ್ಲಿ ಸಿರಿವಂತರು ಇಟಲಿಯ ಗಾಯಕಿ ಕುಟ್ಸೋನಿಗೆ ಮಂಡಿಯೂರಿ ಹಣ ಸುರಿಯುತ್ತಾರೆ. ಬಲಗಡೆ ಜಾನ್ ರಿಚ್‌ನ ಥಿಯೇಟರಿನಲ್ಲಿ ಫೌಸ್ಟಸ್ ಕಥೆಯ ಪ್ಯಾಂಟೋಮೈಮ್ ನೋಡಲು ನೂಕುನುಗ್ಗಲು. ನಡುವೆ ತಳ್ಳುಗಾಡಿಯ ಹೆಂಗಸೊಬ್ಬಳು ಷೇಕ್ಸ್‌ಪಿಯರ್, ಡ್ರೈಡನ್, ಕಾಂಗ್ರೀವರ ಕೃತಿಗಳನ್ನು ರದ್ದಿ ಕಾಗದವೆಂದು ಕೂಗಿ ಮಾರುತ್ತಿದ್ದಾಳೆ.

ಚಿತ್ರದ ಶಕ್ತಿ ಈ ವಿನ್ಯಾಸದಲ್ಲಿದೆ. ಜನ ಎರಡೂ ಅಂಚಿಗೆ ಹರಿದುಹೋಗಿ, ಖಾಲಿಯಾದ ನಡುಜಾಗದಲ್ಲಿ ನಾಟಕಸಾಹಿತ್ಯ ತೂಕಕ್ಕೆ ಹೋಗುತ್ತಿದೆ. ಅಭಿರುಚಿ ಕೆಟ್ಟದ್ದಕ್ಕೆ ನಟರನ್ನಷ್ಟೇ ಬೈಯುವುದು ಸುಲಭವಿತ್ತು. ಹೊಗಾರ್ತ್ ಕಾಸು ಕೊಡುವವರನ್ನೂ ಹೊಣೆಗಾರರನ್ನಾಗಿಸಿದ. ತಾನೂ ಅದೇ ಪೇಟೆಯಲ್ಲಿದ್ದವನು: ಒಂದು ಷಿಲಿಂಗ್ ಬೆಲೆಯ ಈ ಚಿತ್ರದ ಕಳ್ಳಪ್ರತಿಗಳು ಅರ್ಧ ಬೆಲೆಗೆ ಬಿಕರಿಯಾದವು. ಕೆತ್ತನೆಗಾರರ ಹಕ್ಕಿಗಾಗಿ ಅವನು ಹೋರಾಡಿ, 1735ರಲ್ಲಿ ಕಾನೂನನ್ನೇ ತರಿಸಿದ.

ಆದರೆ ಅವನ ತೀರ್ಪು ಇಲ್ಲಿ ಆತುರದ್ದು. ಮುಖವಾಡದ ಕುಣಿತ, ಆಪೆರಾ, ಪ್ಯಾಂಟೋಮೈಮ್ ಮೂರನ್ನೂ ಒಂದೇ ತಕ್ಕಡಿಗೆ ಹಾಕುತ್ತಾನೆ, ಪರದೇಶದ್ದೆಂಬುದನ್ನೇ ಅಪರಾಧವಾಗಿಸುತ್ತಾನೆ. ಅದೇ ಫೆಬ್ರವರಿಯಲ್ಲಿ ಹ್ಯಾಂಡೆಲ್‌ನ ಆಪೆರಾ ‘ಜೂಲಿಯೊ ಚೇಸರೆ’ ಮೊದಲ ಪ್ರದರ್ಶನ ಕಂಡಿತು. ಕ್ಲಿಯೋಪಾತ್ರಳಾಗಿ ಹಾಡಿದವಳು ಇದೇ ಕುಟ್ಸೋನಿ. ಇಂದಿಗೂ ರಂಗಗಳಲ್ಲಿ ಬದುಕಿರುವ ಆ ಸಂಗೀತಕ್ಕೆ ಚಿತ್ರದಲ್ಲಿ ಕಿವಿಯೇ ಇಲ್ಲ. ಇಲ್ಲಿ ಹಂಗಿಸಿಕೊಂಡ ರಿಚ್ 1728ರಲ್ಲಿ ‘ಬೆಗ್ಗರ್ಸ್ ಆಪೆರಾ’ ಆಡಿಸಿದಾಗ, ಅದರ ದೃಶ್ಯವನ್ನು ಮತ್ತೆಮತ್ತೆ ಬಣ್ಣದಲ್ಲಿ ಬರೆದವನು ಹೊಗಾರ್ತನೇ. ಗುಂಪನ್ನು ಗುಂಪಾಗಿಯೇ ಕಂಡದ್ದು ಈ ಚಿತ್ರದ ದೊಡ್ಡ ಕೊರತೆ.

ಆ ಕೊರತೆಯನ್ನು ತುಂಬಿದ್ದು ಅವನದೇ 1733ರ ಚಿತ್ರ ‘ದಿ ಲಾಫಿಂಗ್ ಆಡಿಯೆನ್ಸ್’. ಅಲ್ಲಿಯೂ ರಂಗ ಕಾಣದು. ಕೆಳಗೆ ವಾದ್ಯಗಾರರು ತಮ್ಮ ಕೆಲಸದಲ್ಲಿ ಮುಳುಗಿದ್ದಾರೆ. ಮೇಲೆ ಷೋಕಿಲಾಲರು ಆಟಕ್ಕೆ ಬೆನ್ನು ತಿರುಗಿಸಿ ಕಿತ್ತಳೆ ಮಾರುವವಳ ಜೊತೆ ಸರಸವಾಡುತ್ತಿದ್ದಾರೆ. ನಡುವಿನ ಅಗ್ಗದ ಸಾಲುಗಳಲ್ಲಿ ಒಬ್ಬೊಬ್ಬರ ನಗುವೂ ಬೇರೆ. ಒಬ್ಬ ಮಾತ್ರ ಗಂಟುಮೋರೆ ಹಾಕಿ ಕೂತಿದ್ದಾನೆ. ಬಾಯಿತುಂಬ ನಗುವ ಸಾಮಾನ್ಯರ ಮೇಲೆ ಹೊಗಾರ್ತನಿಗೆ ಇಲ್ಲಿ ಪ್ರೀತಿಯಿದೆ; ಅವನ ಚುಚ್ಚು ನೋಡದೆಯೇ ಆಸನ ಹಿಡಿದ ದೊಡ್ಡವರಿಗೆ.

ಹಾಗಾಗಿ ಇವೆರಡರಲ್ಲಿ ಎರಡನೆಯದೇ ಮೇಲು. ಮೊದಲನೆಯದು ಜನರಂಜನೆಯನ್ನು ದೂರದಿಂದ ತೀರ್ಮಾನಿಸಿತು. ಎರಡನೆಯದು ಪ್ರೇಕ್ಷಕರ ನಡುವೆ ಕೂತು ನೋಡಿತು. ಜನಪ್ರಿಯ ಕಲೆಯನ್ನು ವಿಡಂಬಿಸುವವನು ಅದನ್ನು ಮೆಚ್ಚುವವರ ಮುಖಗಳನ್ನು ಒಂದೊಂದಾಗಿ ಓದಬಲ್ಲವನಾಗಿರಬೇಕು. ಅವನ ಮಾತಿಗೆ ಅಧಿಕಾರ ಬರುವುದು ಆಗಲೇ.