ಸಂಧಾನ ಮುರಿಯೋದು ಗೊತ್ತಿದ್ದೂ

ಮೂಡುಬಿದಿರೆಯ ಅಕ್ಕನ ಮಗ ಚೆಸ್ ಕಲೀತಿದ್ದಾನೆ. "ಮಾವ, ಯೂಟ್ಯೂಬಲ್ಲಿ ಯಾರನ್ನು ನೋಡ್ಲಿ?" ಅಂದ.

ನಾಕಮುರಾ ಗ್ರ್ಯಾಂಡ್‌ಮಾಸ್ಟರ್. ಬ್ಲಿಟ್ಜ್ ಆಡುತ್ತಲೇ ಮಾತಾಡ್ತಾನೆ, ನಮಗೆ ತಲುಪೋದು ಅರ್ಧವೇ. 2020ರ ಲಾಕ್‌ಡೌನಿನಲ್ಲಿ ಸಮಯ್ ರೈನಾ ನಗಿಸಿದ. ಚೆಸ್ ಗೊತ್ತಿಲ್ಲದ ನನ್ನ ರೂಮ್‌ಮೇಟ್ ಕೂಡ ನೋಡಿದ, ಆದರೆ ಒಂದು ನಡೆಯೂ ಕಲಿಯಲಿಲ್ಲ. ಗೋಥಮ್‌ಚೆಸ್‌ನ ಲೆವಿ ರೋಜ್‌ಮನ್ ಇಂಟರ್‌ನ್ಯಾಷನಲ್ ಮಾಸ್ಟರ್, ಆಟದಲ್ಲಿ ನಾಕಮುರಾನಿಗಿಂತ ಕೆಳಗೆ. ಆದರೂ ಕುದುರೆ ಯಾಕೆ ಸತ್ತಿತು ಅಂತ ಹೇಳೋದರಲ್ಲಿ ಅವನೇ ಮೇಲು. ಬಂಟ್ವಾಳ, ಬೆಳ್ತಂಗಡಿ ಕಡೆಯ ತಾಳಮದ್ದಳೆಯಲ್ಲೂ ಹೀಗೇ ತಾನೆ? ಕೃಷ್ಣ ಸಂಧಾನ ಮುರಿಯೋದು ಎಲ್ಲರಿಗೂ ಗೊತ್ತು, ಜನ ಕೂರೋದು ಅರ್ಥಕ್ಕೆ. ಅಲ್ಲಿ ಮಾತು ಹಳಿ ತಪ್ಪಿದರೆ ಎದುರಿನ ಅರ್ಥಧಾರಿ ಹಿಡೀತಾನೆ. ರೋಜ್‌ಮನ್ ಎದುರು ಯಾರೂ ಇಲ್ಲ, ಅದಕ್ಕೇ ಕಿರುಚಾಟ ಜಾಸ್ತಿ.

ಆದರೂ ಅವನ ಹೆಸರೇ ಹೇಳಿದೆ. ಹುಡುಗ ಈಗ ರಾಣಿ ಹೋದ ಕೂಡಲೇ ಕಿರುಚುತ್ತಾನಂತೆ. ಅಕ್ಕ ನಿನ್ನೆ ಫೋನ್ ಮಾಡಿದ್ದಳು.