ಭಾಷೆಯ ತರಗತಿಯಲ್ಲಿ ಮಾತಿನ ಪಾಲು

ಪರಭಾಷೆಯೊಂದನ್ನು ಹತ್ತು ವರ್ಷಗಳ ಕಾಲ ಪಾಠಶಾಲೆಯಲ್ಲಿ ಕಲಿತು, ಅದರ ಪರೀಕ್ಷೆಗಳಲ್ಲಿ ತೇರ್ಗಡೆಯನ್ನೂ ಪಡೆದು, ಆ ಭಾಷೆಯಲ್ಲಿ ಹತ್ತು ವಾಕ್ಯಗಳನ್ನು ಅಳುಕಿಲ್ಲದೆ ಆಡಲಾರದ ತರುಣರನ್ನು ಕಾಣದ ಮನೆತನಗಳು ವಿರಳ. ಇಂಥವರಿಗೆ ಬುದ್ಧಿ ಸಾಲದು, ಶ್ರದ್ಧೆ ಸಾಲದು ಎಂದು ಹೇಳುವುದು ಅನ್ಯಾಯ. ಅವರಲ್ಲಿ ಬಹುಮಂದಿಗೆ ಮಾತನಾಡುವ ಸಂದರ್ಭವೇ ದೊರೆತಿರುವುದಿಲ್ಲ. ಈ ಕೊರತೆಯನ್ನು ನೀಗಲು ವಿದ್ಯಾರ್ಥಿಗಳನ್ನು ಚಿಕ್ಕ ಚಿಕ್ಕ ಗುಂಪುಗಳಾಗಿ ಕುಳ್ಳಿರಿಸಿ, ಅವರು ತಮ್ಮ ತಮ್ಮಲ್ಲಿಯೇ ಮಾತನಾಡುವಂತೆ ಮಾಡಬೇಕೆಂಬ ಮತವು ಶಿಕ್ಷಣಶಾಸ್ತ್ರಜ್ಞರಲ್ಲಿ ಪ್ರಬಲವಾಗಿದೆ. ಈ ಮತಕ್ಕೆ ಎದುರಾಗಿ ತೂಕವುಳ್ಳ ಆಕ್ಷೇಪಣೆಯನ್ನು ಎತ್ತಿದವರಲ್ಲಿ ದಕ್ಷಿಣ ಭಾರತದಲ್ಲಿಯೇ ಕೆಲಸ ಮಾಡಿದ ಎನ್. ಎಸ್. ಪ್ರಭು ಅವರು ಮುಖ್ಯರು. 1987ರಲ್ಲಿ ಆಕ್ಸ್‌ಫರ್ಡ್ ಮುದ್ರಣಾಲಯದಿಂದ ಪ್ರಕಟವಾದ ಅವರ ‘ಸೆಕೆಂಡ್ ಲ್ಯಾಂಗ್ವೇಜ್ ಪೆಡಗಾಜಿ’ ಎಂಬ ಗ್ರಂಥವನ್ನು ಈ ಒಂದು ಪ್ರಶ್ನೆಯ ದೃಷ್ಟಿಯಿಂದ ಪರಿಶೀಲಿಸುವುದು ಉಚಿತವಾಗಿದೆ.

ಈ ಗ್ರಂಥವು ಕೇವಲ ಊಹೆಯಿಂದ ಹುಟ್ಟಿದುದಲ್ಲ. 1979ರಿಂದ 1984ರವರೆಗೆ ಬೆಂಗಳೂರು, ಮದರಾಸು ಮೊದಲಾದ ಕಡೆಗಳ ಸಾಮಾನ್ಯ ಪಾಠಶಾಲೆಗಳಲ್ಲಿ ನಡೆದ ಪ್ರಯೋಗವೇ ಇದಕ್ಕೆ ಆಧಾರ. ಆ ಪ್ರಯೋಗವು ‘ಬೆಂಗಳೂರು ಯೋಜನೆ’ ಎಂಬ ಹೆಸರಿನಿಂದ ದೇಶಾಂತರಗಳಲ್ಲಿಯೂ ಪ್ರಸಿದ್ಧವಾಯಿತು. ಮನಸ್ಸು ಅರ್ಥದ ಮೇಲೆ ನೆಟ್ಟಿರುವಾಗಲೇ ಭಾಷೆಯ ವ್ಯಾಕರಣವು ತಾನಾಗಿ ಒಳಗೆ ಬೇರೂರುವುದೆಂಬುದು ಅದರ ಮೂಲತತ್ತ್ವ. ಆದುದರಿಂದ ವಾಕ್ಯರಚನೆಗಳನ್ನು ಬಾಯಿಪಾಠ ಮಾಡಿಸುವುದಕ್ಕೆ ಬದಲಾಗಿ ರೈಲುಗಾಡಿಗಳ ವೇಳಾಪಟ್ಟಿ, ನಕ್ಷೆ ಮುಂತಾದವುಗಳನ್ನು ಕೊಟ್ಟು, ಲೆಕ್ಕಹಾಕಿ ಉತ್ತರ ಕಂಡುಹಿಡಿಯುವ ಕೆಲಸಗಳನ್ನು ಒಡ್ಡಲಾಯಿತು. ಮೊದಲು ಉಪಾಧ್ಯಾಯರು ಇಡೀ ತರಗತಿಯೊಡನೆ ಪ್ರಶ್ನೋತ್ತರರೂಪವಾಗಿ ಅಂಥದೊಂದು ಕೆಲಸವನ್ನು ಮಾಡುವರು. ಅನಂತರ ಅದನ್ನು ಹೋಲುವ ಇನ್ನೊಂದನ್ನು ಪ್ರತಿಯೊಬ್ಬ ವಿದ್ಯಾರ್ಥಿಯೂ ತಾನೇ ಮಾಡುವನು. ತರಗತಿಯ ಅರ್ಧದಷ್ಟು ಮಂದಿಯಾದರೂ ಕೆಲಸದ ಅರ್ಧವನ್ನಾದರೂ ಸರಿಯಾಗಿ ಮಾಡಿದರೆ ಆ ಕೆಲಸವು ತಕ್ಕ ಮಟ್ಟದ್ದೆಂದು ಎಣಿಸಲಾಗುತ್ತಿತ್ತು.

ಈ ಕ್ರಮದಲ್ಲಿ ಗುಂಪಿನ ಕೆಲಸಕ್ಕೆ ಸ್ಥಾನವಿರಲಿಲ್ಲ. ಪಕ್ಕದವನ ನೆರವನ್ನು ಬಯಸಿದವನಿಗೆ ಅಡ್ಡಿಯಿರಲಿಲ್ಲವಾದರೂ, ಗುಂಪು ಕಟ್ಟಿ ಮಾತನಾಡಿಸುವುದನ್ನು ಪ್ರಭು ಅವರು ಬುದ್ಧಿಪೂರ್ವಕವಾಗಿಯೇ ಬಿಟ್ಟರು. ಅವರ ಕಾರಣಗಳು ಎರಡು. ಒಳ್ಳೆಯ ಭಾಷೆಯನ್ನು ಕೇಳಿದಲ್ಲದೆ ಕಲಿಯುವವನ ಭಾಷೆಯು ತಿದ್ದಿಕೊಳ್ಳದು. ಅರೆಕಲಿತವರು ಅರೆಕಲಿತವರೊಡನೆಯೇ ಮಾತನಾಡುತ್ತಿದ್ದರೆ ಒಬ್ಬರ ತಪ್ಪು ಇನ್ನೊಬ್ಬರ ಒಪ್ಪಿಗೆಯಿಂದ ಗಟ್ಟಿಯಾಗಿ, ಕಡೆಗೆ ಒಂದು ಬೆರಕೆಯ ಭಾಷೆ ಹುಟ್ಟಿಕೊಳ್ಳುವುದೆಂಬುದು ಮೊದಲನೆಯದು. ಗುರುವಿನ ಮುಂದೆ ಸೋಲುವುದಕ್ಕಿಂತ ಸಹಪಾಠಿಗಳ ಮುಂದೆ ಸೋಲುವುದು ಅನೇಕ ಮಕ್ಕಳಿಗೆ ಹೆಚ್ಚಿನ ಅವಮಾನವೆಂಬುದು ಎರಡನೆಯದು.

ಈ ಮಾತುಗಳನ್ನು ಲಘುವಾಗಿ ತಳ್ಳಿಹಾಕಲಾಗದು. ಗುಂಪಿನ ಕೆಲಸವೆಂಬ ಹೆಸರಿನಲ್ಲಿ ಎಷ್ಟೋ ತರಗತಿಗಳಲ್ಲಿ ನಡೆಯುವುದಾದರೂ ಏನು? ಚುರುಕಾದವನೊಬ್ಬನು ಎಲ್ಲವನ್ನೂ ಹೇಳುವನು, ಇಬ್ಬರು ತಲೆದೂಗುವರು, ನಾಲ್ಕನೆಯವನು ಕಿಟಕಿಯ ಹೊರಗೆ ನೋಡುವನು. ಉಪಾಧ್ಯಾಯರು ದೂರ ಸರಿದೊಡನೆ ಪರಭಾಷೆಯು ಮಾಯವಾಗಿ ಮನೆಯ ಮಾತು ತಲೆದೋರುವುದು. ಮೂಲೆಯಲ್ಲಿ ಕುಳಿತ ಹುಡುಗಿಯ ಮೌನವು ಮೊದಲಿನಂತೆಯೇ ಮುಂದುವರಿಯುವುದು. ಬೆಂಚುಗಳನ್ನು ತಿರುಗಿಸಿದ ಮಾತ್ರಕ್ಕೆ ಬಾಯಿಗಳು ತೆರೆಯುವುದಿಲ್ಲವೆಂಬುದನ್ನು ಒಪ್ಪಲೇಬೇಕು.

ಆದರೂ ಪ್ರಭು ಅವರ ನಿರ್ಣಯವು ಒಂದು ಸರಳವಾದ ಲೆಕ್ಕದ ಮುಂದೆ ನಿಲ್ಲಲಾರದು. ತರಗತಿಯಲ್ಲಿ 40 ಮಂದಿ ವಿದ್ಯಾರ್ಥಿಗಳು. ಪಾಠದ ಅವಧಿ 40 ನಿಮಿಷ. ಅದರಲ್ಲಿ ಅರ್ಧವನ್ನು ಉಪಾಧ್ಯಾಯರ ಮಾತಿಗೆ ಬಿಟ್ಟರೆ ಉಳಿದ 20 ನಿಮಿಷಗಳಲ್ಲಿ ಒಬ್ಬೊಬ್ಬನ ಪಾಲಿಗೆ ಬರುವುದು ಅರ್ಧ ನಿಮಿಷ ಮಾತ್ರ. ಅದೇ 20 ನಿಮಿಷಗಳಲ್ಲಿ ನಾಲ್ವರಂತೆ ಹತ್ತು ಗುಂಪುಗಳು ಏಕಕಾಲಕ್ಕೆ ಮಾತನಾಡಿದರೆ ಪ್ರತಿಯೊಬ್ಬನಿಗೂ ಐದು ನಿಮಿಷಗಳಾಗುವುವು. ವ್ಯತ್ಯಾಸವು ಹತ್ತರಷ್ಟು. ಅರ್ಧ ನಿಮಿಷವೂ ಸಮನಾಗಿ ಹಂಚಿಹೋಗದೆ, ಮುಂದಿನ ಸಾಲಿನ ಕೆಲವರ ವಶವಾಗುವುದೆಂಬುದು ಅನುಭವಸಿದ್ಧ. ದಿಟ್ಟರು ಇನ್ನಷ್ಟು ದಿಟ್ಟರಾಗುವರು. ಅಂಜುವವರು ಅಂಜುತ್ತಲೇ ಶಾಲೆಯನ್ನು ಬಿಡುವರು.

ಗ್ರಂಥಕರ್ತರ ಗುರಿಯು ವ್ಯಾಕರಣಜ್ಞಾನದ ಆಂತರಿಕವಾದ ಬೆಳವಣಿಗೆಯೇ ಹೊರತು ವಾಕ್ಚಾತುರ್ಯವಲ್ಲವೆಂದು ಅವರ ಪರವಾಗಿ ಹೇಳಬಹುದು. ಅದು ನ್ಯಾಯವಾದ ಮಾತೇ. ಆದರೆ ಗ್ರಹಣಶಕ್ತಿಯು ಬೆಳೆದೊಡನೆ ಮಾತು ತಾನಾಗಿ ಹರಿದುಬರುವುದೆಂಬ ನಂಬಿಕೆಗೆ ಕೆನಡಾ ದೇಶದ ಅನುಭವವು ಎದುರಾಗಿ ನಿಂತಿದೆ. ಅಲ್ಲಿ ಇಂಗ್ಲಿಷು ಮನೆಗಳ ಮಕ್ಕಳು ಪಾಠಗಳನ್ನು ವರ್ಷಗಟ್ಟಲೆ ಫ್ರೆಂಚಿನಲ್ಲಿ ಕೇಳಿ, ಕೇಳುವುದರಲ್ಲಿಯೂ ಓದುವುದರಲ್ಲಿಯೂ ಫ್ರೆಂಚರಿಗೆ ಸಮೀಪವಾದರೂ, ಆಡುವುದರಲ್ಲಿಯೂ ಬರೆಯುವುದರಲ್ಲಿಯೂ ಹಿಂದೆಯೇ ಉಳಿದರೆಂದು ಮೆರಿಲ್ ಸ್ವೇನ್ ಎಂಬ ವಿದುಷಿಯು 1985ರಲ್ಲಿ ತೋರಿಸಿಕೊಟ್ಟಳು. ಅದೇ ವರ್ಷದಲ್ಲಿ ಮೈಕೇಲ್ ಲಾಂಗ್ ಮತ್ತು ಪೆಟ್ರೀಷಿಯಾ ಪೋರ್ಟರ್ ಎಂಬವರು ಗುಂಪಿನ ಕೆಲಸವನ್ನು ಕುರಿತ ಸಂಶೋಧನೆಗಳನ್ನು ಒಟ್ಟುಗೂಡಿಸಿ, ಕಲಿಯುವವರು ಪರಸ್ಪರರ ತಪ್ಪುಗಳನ್ನು ಎತ್ತಿಕೊಳ್ಳುವುದು ಬಹು ಕಡಮೆಯೆಂದೂ, ಅರ್ಥವಾಗದಿದ್ದಾಗ ಕೇಳಿ ತಿಳಿದುಕೊಳ್ಳುವ ಶ್ರಮವೇ ಅವರ ಮಾತನ್ನು ಬೆಳೆಸುವುದೆಂದೂ ವಾದಿಸಿದರು. ಬೆರಕೆಯ ಭಾಷೆಯ ಭಯವು ಇದರಿಂದ ಪೂರ್ತಿಯಾಗಿ ಅಳಿಯದಿದ್ದರೂ ಬಹುಮಟ್ಟಿಗೆ ತಗ್ಗುವುದು.

ವಿಶೇಷವೆಂದರೆ, ಈ ಬಿಕ್ಕಟ್ಟಿನ ಪರಿಹಾರವು ಪ್ರಭು ಅವರ ಗ್ರಂಥದಲ್ಲಿಯೇ ಅಡಗಿದೆ. ಮಾತಿಗೆ ಒಂದು ತೆರಪು ಬೇಕೆಂದು ತೋರಿಸಿ, ಮಾಹಿತಿಯ ತೆರಪು, ತರ್ಕದ ತೆರಪು, ಅಭಿಪ್ರಾಯದ ತೆರಪು ಎಂದು ಅವರು ಅದನ್ನು ಮೂರು ಬಗೆಯಾಗಿ ವಿಂಗಡಿಸಿದ್ದಾರೆ. ಇವುಗಳಲ್ಲಿ ತರ್ಕದ ತೆರಪನ್ನೇ ಅವರು ಮೇಲಾದುದೆಂದು ಆರಿಸಿಕೊಂಡರು. ಅವರ ರೈಲುಗಾಡಿಯ ಕೆಲಸವನ್ನೇ ನಾಲ್ವರಿಗೆ ಹಂಚಿದರೆ ಏನಾಗುವುದೆಂದು ನೋಡಬಹುದು. ಒಬ್ಬನ ಕೈಯಲ್ಲಿ ವೇಳಾಪಟ್ಟಿ, ಇನ್ನೊಬ್ಬಳಲ್ಲಿ ದರಗಳ ಪಟ್ಟಿ, ಮೂರನೆಯವನಲ್ಲಿ ನಕ್ಷೆ, ನಾಲ್ಕನೆಯವಳಲ್ಲಿ ಪ್ರಯಾಣಿಕನ ಹಣ ಮತ್ತು ಅವನು ತಲಪಬೇಕಾದ ಹೊತ್ತು. ಕಾಗದವನ್ನು ತೋರಿಸಕೂಡದು, ಬಾಯಿಂದಲೇ ಹೇಳಬೇಕು. ಆಗ ಚುರುಕಾದವನಿಗೂ ಮೌನಿಯ ಮಾತು ಬೇಕೇ ಬೇಕು. ಅವಳು ಆಡದಿದ್ದರೆ ಲೆಕ್ಕವು ಮುಗಿಯದು. ಅವಮಾನದ ಆಕ್ಷೇಪಣೆಗೂ ಇಲ್ಲಿಯೇ ಸಮಾಧಾನವುಂಟು: ತನ್ನಲ್ಲಿ ಮಾತ್ರ ಇರುವುದನ್ನು ಹೇಳುವವರನ್ನು ಯಾರೂ ಹಗುರವಾಗಿ ಕಾಣರು.

ಕನ್ನಡ ನಾಡಿಗೆ ಇದು ಹೊಸತಲ್ಲ. ಕರಾವಳಿಯ ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ, ಬರೆದಿಟ್ಟ ಸಂಭಾಷಣೆಯೂ ಇಲ್ಲ. ಕಥೆಯು ಎಲ್ಲರಿಗೂ ತಿಳಿದದ್ದೇ. ಎದುರಿನ ಅರ್ಥಧಾರಿಯು ಏನೆನ್ನುವನೆಂಬುದು ಮಾತ್ರ ತಿಳಿಯದು. ಆ ತೆರಪಿನಲ್ಲಿಯೇ ಮಾತು ಹುಟ್ಟುವುದು. ಭಾಗವತನು ಪದ್ಯವನ್ನು ಹಾಡಿ ಪ್ರಸಂಗಕ್ಕೆ ಮೇರೆಯನ್ನು ಹಾಕಿಕೊಡುವನು. ಅರ್ಥವನ್ನು ತಾನೇ ಹೇಳಿಬಿಡುವುದಿಲ್ಲ. ಗುಂಪಿನ ಪಾಠದಲ್ಲಿ ಉಪಾಧ್ಯಾಯರ ಸ್ಥಾನವು ಇದೇ ಆಗಿರತಕ್ಕದ್ದು. ಕೆಲಸವನ್ನು ಅಳೆದು ಕೊಡುವುದು, ಗುಂಪಿನಿಂದ ಗುಂಪಿಗೆ ನಡೆದು ಕಿವಿಗೊಡುವುದು, ಕೇಳಿದ ತಪ್ಪುಗಳನ್ನು ಕಡೆಯಲ್ಲಿ ಯಾರ ಹೆಸರನ್ನೂ ಎತ್ತದೆ ಇಡೀ ತರಗತಿಯ ಮುಂದೆ ತಿದ್ದುವುದು, ಇವು ಅವರ ಹೊಣೆ. ಒಳ್ಳೆಯ ಭಾಷೆಯ ಮಾದರಿಯು ಇಲ್ಲದೆ ಹೋಗುವುದೆಂಬ ಪ್ರಭು ಅವರ ಶಂಕೆಗೆ ಈ ಕಡೆಯ ಹತ್ತು ನಿಮಿಷಗಳೇ ಉತ್ತರ.

ಒಟ್ಟಿನಲ್ಲಿ ‘ಸೆಕೆಂಡ್ ಲ್ಯಾಂಗ್ವೇಜ್ ಪೆಡಗಾಜಿ’ಯು ಭಾಷೆಯನ್ನು ಕಲಿಸುವವರೆಲ್ಲರೂ ಓದಬೇಕಾದ ಗ್ರಂಥ; ಅದರ ಪ್ರಾಮಾಣಿಕತೆಯೂ ಸಂಯಮವೂ ಅಪರೂಪವಾದುವು. ಗುಂಪಿನ ಕೆಲಸದ ದೋಷಗಳನ್ನು ಅದು ಸರಿಯಾಗಿಯೇ ಕಂಡಿದೆ. ಆದರೆ ದೋಷವು ಕೆಲಸವನ್ನು ಹಂಚುವ ಬಗೆಯಲ್ಲಿ ಇದ್ದಿತೇ ಹೊರತು ಗುಂಪಿನಲ್ಲಿ ಅಲ್ಲ. ತಪ್ಪಾದೀತೆಂಬ ಭಯದಿಂದ ಮಾತನ್ನೇ ತಡೆದರೆ, ತಪ್ಪಿನ ಜೊತೆಗೆ ಮಾತನ್ನೂ ಕಳೆದುಕೊಂಡಂತಾಗುವುದು. ತಪ್ಪಾಗಿ ಆಡಿದ ವಾಕ್ಯವನ್ನು ನಾಳೆ ತಿದ್ದಬಹುದು. ಆಡದೆಯೇ ಉಳಿದ ವಾಕ್ಯವನ್ನು ಯಾವ ಗುರುವೂ ತಿದ್ದಲಾರನು.