ಗದೆಯ ಹಿಡಿ ತುಂಡಾದೀತೇ?

ಸರ್ ವಾಲ್ಟರ್ ಸ್ಕಾಟ್‌ನ ‘ದಿ ಟ್ಯಾಲಿಸ್ಮನ್’ (1825) ಕಾದಂಬರಿಯ ಕೊನೆಯ ಭಾಗದಲ್ಲಿ ಇಬ್ಬರು ಅರಸರ ಪಂದ್ಯವಿದೆ. ಇಂಗ್ಲೆಂಡಿನ ರಿಚರ್ಡ್ ಎರಡೂ ಕೈಯಿಂದ ಖಡ್ಗ ಎತ್ತಿ, ಒಂದೂವರೆ ಅಂಗುಲ ದಪ್ಪದ ಉಕ್ಕಿನ ಗದೆಯ ಹಿಡಿಯನ್ನು ಒಂದೇ ಏಟಿಗೆ ಕಡಿಯುತ್ತಾನೆ. ಸಲಾದೀನ್ ತನ್ನ ಬಾಗುಕತ್ತಿಯಿಂದ ರೇಷ್ಮೆಯ ದಿಂಬನ್ನು ಸೀಳುತ್ತಾನೆ.

ಸಲಾದೀನನ ಕೈಚಳಕ ನಂಬುವಂಥದ್ದೇ. ಅಂಚು ತೆಳ್ಳಗಿದ್ದು, ಎಳೆದು ಕೊಯ್ದರೆ ದಿಂಬು ಸೀಳುತ್ತದೆ. ರಿಚರ್ಡನ ಏಟನ್ನು ಮಾತ್ರ ನಾನು ಒಪ್ಪಲಾರೆ. ಖಡ್ಗವೂ ಉಕ್ಕು, ಹಿಡಿಯೂ ಉಕ್ಕು. ಖಡ್ಗಕ್ಕೆ ಹದ ಹೆಚ್ಚು ಕೊಟ್ಟರೆ ಅಂಚು ಮುಕ್ಕಾಗುತ್ತದೆ, ಕಡಿಮೆ ಕೊಟ್ಟರೆ ಮಡಿಚಿಕೊಳ್ಳುತ್ತದೆ. ಎಂಥ ತೋಳ್ಬಲವೂ ಇದನ್ನು ಮೀರಲಾರದು.

ಸ್ಕಾಟ್ ಮರೆತದ್ದು ಬೆಂಕಿಯನ್ನು. ತ್ರಿಪುರಸುಂದರಿ ಅಮ್ಮನ ಬಂಡಿ ಜಾತ್ರೆಗೆ ಹೆಸರಾದ ಮೂಗೂರಿನಂಥ ಊರುಗಳಲ್ಲಿ ಗಾಡಿ ಚಕ್ರಕ್ಕೆ ಪಟ್ಟಿ ಹಾಕುವ ಕಮ್ಮಾರರು ದಪ್ಪ ಕಬ್ಬಿಣವನ್ನು ತಣ್ಣಗಿರುವಾಗ ಕಡಿಯಲು ಹೋಗುವವರಲ್ಲ. ತಿದಿ ಒತ್ತಿ, ಪಟ್ಟಿ ಕೆಂಪಗೆ ಕಾದ ಮೇಲೆ ಇಕ್ಕಳದಲ್ಲಿ ಹಿಡಿದು ಅಡಿಗಲ್ಲಿನ ಮೇಲಿಟ್ಟು ಉಳಿ ಊರುತ್ತಾರೆ. ಎದುರು ನಿಂತವನು ಸುತ್ತಿಗೆ ಬೀಸುತ್ತಾನೆ. ನಡುನಡುವೆ ಉಳಿಯನ್ನು ನೀರಿಗೆ ಅದ್ದಬೇಕು, ಇಲ್ಲದಿದ್ದರೆ ಕಡಿಯುವ ಉಳಿಯ ಹದವೇ ಇಳಿದುಹೋಗುತ್ತದೆ. ಕಾದ ಕಬ್ಬಿಣ ಮೆತ್ತಗೆ, ತಂಪಾದ ಉಳಿ ಗಟ್ಟಿ: ಕೆಲಸವೆಲ್ಲ ಈ ವ್ಯತ್ಯಾಸದ್ದು.

ಇಂದಿನ ಗ್ಯಾಸ್ ಕಟಿಂಗ್ ಕೂಡ ಬೆಂಕಿಯದೇ ವಿದ್ಯೆ. ಆದರೆ ಅದು ಕಬ್ಬಿಣವನ್ನು ಬರೀ ಕರಗಿಸಿ ಕತ್ತರಿಸುತ್ತದೆ ಎಂದುಕೊಳ್ಳುವುದು ತಪ್ಪು. ಜ್ವಾಲೆ ಮೊದಲು ಕಾಯಿಸುತ್ತದೆ. ಆಮೇಲೆ ರಭಸದಿಂದ ಬಿಟ್ಟ ಆಮ್ಲಜನಕದಲ್ಲಿ ಕಬ್ಬಿಣವೇ ಉರಿದು ಕಿಟ್ಟವಾಗಿ ಹಾರಿಹೋಗುತ್ತದೆ. ಸ್ಟೇನ್‌ಲೆಸ್ ಸ್ಟೀಲಿಗೂ ಅಲ್ಯೂಮಿನಿಯಂಗೂ ಈ ಉಪಾಯ ನಡೆಯದು, ಅವುಗಳ ಮೇಲೆ ಕಟ್ಟುವ ಆಕ್ಸೈಡ್ ಪದರ ಸುಲಭಕ್ಕೆ ಕರಗುವುದಿಲ್ಲ. ಎಲ್ಲಕ್ಕಿಂತ ಗಟ್ಟಿಯೆನ್ನುವ ವಜ್ರವೂ ಉಕ್ಕನ್ನು ವೇಗವಾಗಿ ಕೊರೆಯುವಾಗ ಸೋಲುತ್ತದೆ: ಆ ಬಿಸಿಗೆ ಅದರ ಇಂಗಾಲ ಕಬ್ಬಿಣದೊಳಗೆ ಸೇರಿ ಮೊನೆ ಸವೆಯುತ್ತದೆ.

ಕಾದಂಬರಿಕಾರನಿಗೆ ಇಷ್ಟೆಲ್ಲ ತಿಳಿದಿರಬೇಕೇ ಎಂದು ಕೇಳಬಹುದು. ಸ್ಕಾಟ್‌ನ ಮಟ್ಟಿಗೆ ಈ ರಿಯಾಯಿತಿ ಕೊಡಲು ನನಗೆ ಮನಸ್ಸಿಲ್ಲ. ಎರಡೇ ವರ್ಷದಲ್ಲಿ, ‘ದಿ ಸರ್ಜನ್ಸ್ ಡಾಟರ್’ (1827) ಕಥೆಯಲ್ಲಿ, ಹೈದರಾಲಿಯ ಮೈಸೂರನ್ನೇ ತಂದವನು ಅವನು. ಈ ಸೀಮೆಯಲ್ಲಿ ಉಕ್ಕು ಮಾಡುವ ಬಗೆಯನ್ನು ಫ್ರಾನ್ಸಿಸ್ ಬುಕಾನನ್ ವಿವರವಾಗಿ ಬರೆದ ಪ್ರವಾಸ ಕಥನ 1807ರಲ್ಲೇ ಲಂಡನ್ನಿನಲ್ಲಿ ಅಚ್ಚಾಗಿತ್ತು. ಮಣ್ಣಿನ ಮೂಸೆ, ಅದರೊಳಗೆ ಕಬ್ಬಿಣದ ತುಂಡು, ಜೊತೆಗೆ ತಂಗಡಿ ಕಡ್ಡಿ, ಹಸಿ ಎಲೆ, ಮೇಲೆ ಮುಚ್ಚಿದ ಮಣ್ಣು. ಬೆಂಕಿಯಲ್ಲಿ ಆ ಕಡ್ಡಿಯ ಇಂಗಾಲ ಕಬ್ಬಿಣಕ್ಕೆ ಇಳಿದು ಉಕ್ಕಾಗುವ ಬೆರಗಿನ ಮುಂದೆ ರಿಚರ್ಡನ ಏಟು ತೀರ ಸಪ್ಪೆ.